ದಾನದ ನೀರು ಕೊನೆಭಾಗ ತಲುಪುವುದೆಂದು?

ಚಿಕ್ಕರಸಿನಕೆರೆ (ಮದ್ದೂರು ತಾಲ್ಲೂಕು): ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕನ್ನಂಬಾಡಿಯಲ್ಲಿ ನೀರಿದ್ದ ಮಾತ್ರಕ್ಕೆ ತಮ್ಮ ಗದ್ದೆಗೆ ನೀರು ಬರುವುದಿಲ್ಲ. ಮೇಲ್ಭಾಗದ ತೂಬುಗಳು, ಹೂಳು ತುಂಬಿದ ವಿತರಣಾ ನಾಲೆಗಳು, ಸರದಿಯ ಲೆಕ್ಕಾಚಾರ ಇವೆಲ್ಲವನ್ನೂ ದಾಟಿ ಬಂದದ್ದಷ್ಟೇ ಅವರ ಪಾಲು. ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಕೊನೆಭಾಗದ ಹಳ್ಳಿಗಳಿಂದ ಈ ಕೂಗು ಮತ್ತೆ ಮತ್ತೆ ಕೇಳಿಬರುತ್ತಲೇ ಇದೆ. ಶಿಕ್ಷಣಕ್ಕೆಂದು ಹರಿದುಬರುವ ದಾನದ ಹಣವೂ ಬಹುಮಟ್ಟಿಗೆ ಇದೇ ಹಾದಿಯಲ್ಲಿ ಸಾಗುತ್ತಿದೆ.

ಹಣವಿಲ್ಲ ಎಂಬ ಮಾತು ಈಗ ಪೂರ್ಣ ಸತ್ಯವಲ್ಲ. ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳ ನೌಕರರು ತಿಂಗಳ ಸಂಬಳದಲ್ಲಿ ಒಂದು ಭಾಗವನ್ನು ಶಾಲೆಗಳಿಗೆ ಕೊಡುತ್ತಾರೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನ ಮಕ್ಕಳ ಓದಿಗೆಂದು ಹಣ ಕೂಡಿಸುತ್ತವೆ. ಕಾಯ್ದೆಯ ಬಲದಿಂದ ಕಂಪನಿಗಳೂ ಶಿಕ್ಷಣಕ್ಕೆ ವೆಚ್ಚ ಮಾಡುತ್ತಿವೆ. ಹೀಗಿರುವಾಗ ಯಾವ ಶಾಲೆಗೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ತೀರ್ಮಾನಿಸುವವರು ಯಾರು? ಯಾವ ಆಧಾರದ ಮೇಲೆ? ಚಿಕ್ಕರಸಿನಕೆರೆಯಂಥ ಹೋಬಳಿ ಕೇಂದ್ರದಲ್ಲಿ ನಿಂತು ನೋಡಿದಾಗ ಈ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ.

ಸ್ವಯಂಸೇವಕರ ಸಭೆ

ಸಂಬಳದ ಸಿಬ್ಬಂದಿಯನ್ನು ನೆಚ್ಚದೆ, ಸ್ವಯಂಸೇವಕರೇ ನಡೆಸುವ ದಾನ ಸಂಸ್ಥೆಗಳಲ್ಲಿ ‘ಆಶಾ ಫಾರ್ ಎಜುಕೇಷನ್’ ಪ್ರಮುಖವಾದುದು. 1991ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸಂದೀಪ್ ಪಾಂಡೆ ಮತ್ತು ಗೆಳೆಯರು ಇದನ್ನು ಆರಂಭಿಸಿದರು. ಪಾಂಡೆ ಅವರಿಗೆ 2002ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಮೆರಿಕದ ಹಲವು ನಗರಗಳಲ್ಲಿ ಸಂಸ್ಥೆಗೆ ಶಾಖೆಗಳಿವೆ. ಬೆಂಗಳೂರಿನಲ್ಲೂ ಸ್ವಯಂಸೇವಕರ ಬಳಗವಿದೆ. ಇದಕ್ಕಿಂತ ಒಂದು ವರ್ಷ ಮೊದಲು, 1990ರಲ್ಲಿ, ಅಮೆರಿಕದ ಭಾರತೀಯರೇ ಕಟ್ಟಿದ ‘ಇಂಡಿಯಾ ಲಿಟರಸಿ ಪ್ರಾಜೆಕ್ಟ್’ ಕೂಡ ಇದೇ ಪೀಳಿಗೆಯದು.

ಆಶಾದಲ್ಲಿ ಕೇಂದ್ರ ಕಚೇರಿಯೊಂದು ಕುಳಿತು ಹಣ ಹಂಚುವುದಿಲ್ಲ ಎಂಬುದು ಗಮನಾರ್ಹ. ಪ್ರತಿ ಶಾಖೆಯೂ ತಾನು ಕೂಡಿಸಿದ ಹಣವನ್ನು ಯಾವ ಯೋಜನೆಗೆ ಕೊಡಬೇಕೆಂದು ತಾನೇ ನಿರ್ಧರಿಸುತ್ತದೆ. ಮ್ಯಾರಥಾನ್ ಓಡಿ, ಸಂಗೀತ ಕಛೇರಿ ಏರ್ಪಡಿಸಿ, ಒಂದು ಗಂಟೆಯ ದುಡಿಮೆಯ ಹಣ ಕೊಡಿರೆಂದು ಸಹೋದ್ಯೋಗಿಗಳನ್ನು ಕೇಳಿ ಹಣ ಸಂಗ್ರಹಿಸುವ ಅದೇ ಎಂಜಿನಿಯರುಗಳು, ವಿದ್ಯಾರ್ಥಿಗಳು ಬಿಡುವಿನ ವೇಳೆಯಲ್ಲಿ ಸಭೆ ಸೇರಿ ಅರ್ಜಿಗಳನ್ನು ಪರಿಶೀಲಿಸುತ್ತಾರೆ.

ಕ್ರಮ ಸ್ಥೂಲವಾಗಿ ಹೀಗಿದೆ. ಭಾರತದ ಒಂದು ಸಂಸ್ಥೆ ಪ್ರಸ್ತಾವನೆ ಕಳುಹಿಸುತ್ತದೆ. ಮಕ್ಕಳೆಷ್ಟು, ಶಿಕ್ಷಕರೆಷ್ಟು, ಅವರ ಸಂಬಳವೇನು, ಬೇರೆ ಎಲ್ಲಿಂದ ಹಣ ಬರುತ್ತಿದೆ, ಸಮೀಪದ ಸರ್ಕಾರಿ ಶಾಲೆ ಎಷ್ಟು ದೂರ ಎಂಬ ವಿವರಗಳನ್ನು ಅದರಲ್ಲಿ ಕೊಡಬೇಕು. ಶಾಖೆಯ ಒಬ್ಬ ಸ್ವಯಂಸೇವಕ ಆ ಯೋಜನೆಯ ಹೊಣೆ ಹೊರುತ್ತಾನೆ. ಪ್ರಶ್ನೆ ಕೇಳುವುದು, ಉತ್ತರ ತರಿಸುವುದು, ಸಭೆಯ ಮುಂದೆ ವಿವರಿಸುವುದು ಅವನ ಕೆಲಸ. ರಜೆಗೆ ಊರಿಗೆ ಬರುವ ಅಥವಾ ಹತ್ತಿರದ ನಗರದಲ್ಲಿರುವ ಮತ್ತೊಬ್ಬರು ಸ್ಥಳಕ್ಕೆ ಹೋಗಿ ಶಾಲೆಯನ್ನು ಕಂಡು ವರದಿ ಬರೆಯುತ್ತಾರೆ. ಬಳಿಕ ಚರ್ಚೆ, ಒಮ್ಮತ ಅಥವಾ ಮತದಾನ. ಹಣ ಕಂತುಗಳಲ್ಲಿ ಹೋಗುತ್ತದೆ. ಮುಂದಿನ ಹಣಕ್ಕೆ ಹಿಂದಿನದರ ವರದಿ ಬೇಕು.

ಈ ಪದ್ಧತಿಯ ಗುಣ ಅದರ ಬಹಿರಂಗತೆ. ಸ್ಥಳ ಭೇಟಿಯ ವರದಿ, ಆಯವ್ಯಯದ ಪಟ್ಟಿ ಸಾರ್ವಜನಿಕರಿಗೂ ನೋಡಲು ಸಿಗುತ್ತವೆ. ದಾನಿಯೇ ತೀರ್ಪುಗಾರನೂ ಆಗಿರುವುದರಿಂದ ಪ್ರತಿ ರೂಪಾಯಿಗೂ ಪ್ರಶ್ನೆ ಏಳುತ್ತದೆ. ಆಡಳಿತ ವೆಚ್ಚವನ್ನು ಶೂನ್ಯಕ್ಕೆ ಇಳಿಸುವ ಹಟವೂ ಇದೆ. ಆದರೆ ಇದೇ ಗುಣದ ಬೆನ್ನಿಗೆ ಒಂದು ಮಿತಿಯೂ ಅಂಟಿಕೊಂಡಿದೆ. ಸಂಬಳವಿಲ್ಲದ ಕೆಲಸ ಬಿಡುವನ್ನು ಅವಲಂಬಿಸುತ್ತದೆ. ಹೊಣೆ ಹೊತ್ತವನು ಕೆಲಸ ಬದಲಿಸಿದರೆ ಇಲ್ಲವೇ ಊರು ಬಿಟ್ಟರೆ ಯೋಜನೆಗೆ ಸಭೆಯಲ್ಲಿ ವಕೀಲನಿಲ್ಲದಂತಾಗುತ್ತದೆ.

ಮೂರು ಅರ್ಜಿ, ನಾಲ್ಕು ಲಕ್ಷ

ಇಂಥ ಸಭೆಯ ಮುಂದೆ ಚಿಕ್ಕರಸಿನಕೆರೆ ಹೋಬಳಿಯಿಂದ ಮೂರು ಅರ್ಜಿಗಳು ಬಂದಿವೆ ಎಂದು ಕಲ್ಪಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಯುವುದಕ್ಕಾಗಿ ಮಾತ್ರ. ಶಾಖೆಯ ಬಳಿ ಇರುವುದು 4 ಲಕ್ಷ ರೂಪಾಯಿ.

ಮೊದಲನೆಯದು ಪ್ರೌಢಶಾಲೆಯೊಂದಕ್ಕೆ ಸ್ಮಾರ್ಟ್ ಕ್ಲಾಸ್: 4 ಲಕ್ಷ ರೂಪಾಯಿ, 200 ವಿದ್ಯಾರ್ಥಿಗಳು. ಎರಡನೆಯದು ಆರು ಪ್ರಾಥಮಿಕ ಶಾಲೆಗಳಿಗೆ ಗ್ರಂಥಾಲಯ ಹಾಗೂ ವಾರಕ್ಕೊಮ್ಮೆ ಬಂದು ಮಕ್ಕಳಿಂದ ಓದಿಸುವ ಒಬ್ಬ ಕಾರ್ಯಕರ್ತೆ: ವರ್ಷಕ್ಕೆ 3 ಲಕ್ಷ, 300 ಮಕ್ಕಳು. ಮೂರನೆಯದು ಕಬ್ಬು ಕಟಾವಿಗೆ ಹೊರ ಜಿಲ್ಲೆಗಳಿಂದ ಬಂದು ಗುಡಿಸಲು ಹಾಕಿಕೊಂಡಿರುವ ಕೂಲಿಕಾರರ ಮಕ್ಕಳಿಗೆ ಹಂಗಾಮಿನ ಟೆಂಟ್ ಶಾಲೆ: 3 ಲಕ್ಷ, 30 ಮಕ್ಕಳು.

ತಲಾ ವೆಚ್ಚದ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 2,000 ರೂಪಾಯಿ, ಎರಡನೆಯದಕ್ಕೆ 1,000, ಮೂರನೆಯದಕ್ಕೆ 10,000. ಲೆಕ್ಕದ ಪ್ರಕಾರ ಟೆಂಟ್ ಶಾಲೆ ಮೊದಲ ಸುತ್ತಿನಲ್ಲೇ ಹೊರಬೀಳಬೇಕು. ಆದರೆ ಅನುಭವಿ ಸ್ವಯಂಸೇವಕರು ಇಲ್ಲಿಗೇ ನಿಲ್ಲುವುದಿಲ್ಲ. ಈ ಹಣ ಸಿಗದಿದ್ದರೆ ಮಕ್ಕಳಿಗೆ ಏನಾಗುತ್ತದೆ ಎಂದು ಕೇಳುತ್ತಾರೆ. ಪ್ರೌಢಶಾಲೆಯ 200 ಮಕ್ಕಳು ಸ್ಮಾರ್ಟ್ ಕ್ಲಾಸ್ ಇಲ್ಲದಿದ್ದರೂ ತರಗತಿಯಲ್ಲಿರುತ್ತಾರೆ. ಗ್ರಂಥಾಲಯ ಬಾರದಿದ್ದರೂ 300 ಮಕ್ಕಳ ಎದುರು ಪಠ್ಯಪುಸ್ತಕವಿದೆ, ಶಿಕ್ಷಕರಿದ್ದಾರೆ. ಟೆಂಟ್ ಶಾಲೆ ಇಲ್ಲದಿದ್ದರೆ ಆ 30 ಮಕ್ಕಳು ಗದ್ದೆಯ ಬದುವಿನಲ್ಲಿ ತಮ್ಮಂದಿರನ್ನು ನೋಡಿಕೊಳ್ಳುತ್ತಾ ಕುಳಿತಿರುತ್ತಾರೆ.

ಕೆ.ಎಂ. ದೊಡ್ಡಿಯ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ, ಕೊಪ್ಪದ ಎನ್‌ಎಸ್‌ಎಲ್ ಕಾರ್ಖಾನೆ ಮತ್ತು ಅಲ್ಲಲ್ಲಿನ ಆಲೆಮನೆಗಳನ್ನು ನೆಚ್ಚಿದ ಕಬ್ಬಿನ ಸೀಮೆಯಿದು. ಹಂಗಾಮಿಗೆ ಬಂದು ಹೋಗುವ ಕುಟುಂಬಗಳ ಮಕ್ಕಳು ಯಾವ ಊರಿನ ಹಾಜರಿ ಪುಸ್ತಕಕ್ಕೂ ಸರಿಯಾಗಿ ಸೇರುವುದಿಲ್ಲ. ಇವರ ಪರವಾಗಿ ಅರ್ಜಿ ಬರೆಯುವವರು ಅಪರೂಪ.

ಹಾಗೆಂದು ಮೂರನೆಯ ಅರ್ಜಿಗೆ ಕಣ್ಣುಮುಚ್ಚಿ ಹಣ ಕೊಡಲೂ ಆಗದು. ಹಂಗಾಮು ಮುಗಿದ ಮೇಲೆ ಮಕ್ಕಳು ತಮ್ಮೂರಿನ ಶಾಲೆಗೆ ಮರಳುವರೇ? ಇಲ್ಲಿ ಕಲಿತದ್ದನ್ನು ಆ ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳುವುದೇ? ಮುಂದಿನ ವರ್ಷ ಬರುವವರು ಇವರೇ, ಬೇರೆಯವರೇ? ಇದಕ್ಕಿಂತ ಕಠಿಣವಾದ ಪ್ರಶ್ನೆಯೂ ಇದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣ ನೀಡುವುದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರ್ಕಾರದ ಕರ್ತವ್ಯ. ಆ ಕರ್ತವ್ಯವನ್ನು ದಾನದ ಹಣದಿಂದ ಪೂರೈಸಿದರೆ ಸರ್ಕಾರ ನಿಶ್ಚಿಂತವಾಗುವುದಿಲ್ಲವೇ? ಸರ್ಕಾರ ಎಚ್ಚರಗೊಳ್ಳುವವರೆಗೆ ಆ ಮಗು ಕಾಯಬೇಕೇ? ಶಿಕ್ಷಣಕ್ಕೆ ದಾನ ಮಾಡುವವರ ನಡುವೆ ಈ ವಾದ ಇಂದಿಗೂ ಮುಗಿದಿಲ್ಲ, ಮುಗಿಯುವಂಥದ್ದೂ ಅಲ್ಲ.

ಕಣ್ಣಿಗೆ ಕಾಣುವುದು, ಕಾಣದಿರುವುದು

ದಾನಿಗೆ ಕಟ್ಟಡ, ಕಂಪ್ಯೂಟರ್, ಪುಸ್ತಕ, ಬ್ಯಾಗು ಕಾಣುತ್ತವೆ. ಛಾಯಾಚಿತ್ರ ತೆಗೆಯಬಹುದು, ಗೋಡೆಗೆ ಫಲಕ ಹಾಕಬಹುದು. ಮಗು ಓದಲು ಕಲಿತದ್ದು ಛಾಯಾಚಿತ್ರಕ್ಕೆ ಸಿಗುವುದಿಲ್ಲ. ಆದರೆ ಅಧ್ಯಯನಗಳು ಹೇಳುತ್ತಿರುವುದು ಈ ಎರಡನೆಯದರ ಮಹತ್ವವನ್ನೇ.

1990ರ ದಶಕದಲ್ಲಿ ಕೆನ್ಯಾದ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕಗಳನ್ನು ಹಂಚಿ ಫಲಿತಾಂಶ ಅಳೆಯಲಾಯಿತು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ ಸರಾಸರಿ ಅಂಕಗಳು ಏರಲಿಲ್ಲ. ಮೊದಲೇ ಚೆನ್ನಾಗಿ ಓದುತ್ತಿದ್ದವರಿಗಷ್ಟೇ ಲಾಭವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು; ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆ. ಮುಂಬೈ ಮತ್ತು ವಡೋದರಾಗಳಲ್ಲಿ ‘ಪ್ರಥಮ್’ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಹಿಂದುಳಿದ ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿ, ಅದೇ ಬಡಾವಣೆಯ ಯುವತಿಯರಿಂದ ಮೂಲಪಾಠ ಹೇಳಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರು ಅದನ್ನು ಅಳೆದಾಗ ಹೆಚ್ಚು ಲಾಭ ಪಡೆದವರು ತೀರಾ ಹಿಂದಿದ್ದ ಮಕ್ಕಳೇ ಎಂದು ತಿಳಿಯಿತು. ಬ್ಯಾನರ್ಜಿ, ಡಫ್ಲೊ, ಕ್ರೆಮರ್ ಮೂವರಿಗೂ 2019ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಯಂತ್ರಗಳೆಲ್ಲ ವ್ಯರ್ಥ ಎಂಬುದೂ ಸರಿಯಲ್ಲ. ಅದೇ ವಡೋದರಾ ಪ್ರಯೋಗದಲ್ಲಿ ಕಂಪ್ಯೂಟರ್ ಮೂಲಕ ಗಣಿತ ಕಲಿತ ಮಕ್ಕಳ ಅಂಕಗಳೂ ಏರಿದವು. ಕೊಟ್ಟ ವಸ್ತುವನ್ನು ಮಗುವಿನ ಮಟ್ಟಕ್ಕೆ ಹೊಂದಿಸಿ ಬಳಸುವವರು ಇದ್ದಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಉದಾಹರಣೆಗೆ ಅಷ್ಟು ದೂರವೂ ಹೋಗಬೇಕಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ‘ನಲಿ-ಕಲಿ’ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದ ಸರ್ಕಾರಿ ಶಿಕ್ಷಕರೇ ಕಲಿಕೆಯ ಕಾರ್ಡುಗಳನ್ನು ರೂಪಿಸಿದರು. ಮುಂದೆ 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆ ವ್ಯಾಪಿಸಿತು. ಹಿಂದುಳಿದ ತಾಲ್ಲೂಕೊಂದರಲ್ಲಿ ಶಿಕ್ಷಕರ ಕೈಯಲ್ಲಿ ಬೆಳೆದ ಪ್ರಯೋಗವನ್ನು ಸರ್ಕಾರ ತನ್ನದಾಗಿಸಿಕೊಂಡಿತು. ದಾನದ ಹಣಕ್ಕೆ ಇದಕ್ಕಿಂತ ಒಳ್ಳೆಯ ಫಲ ಬೇರೊಂದಿರಲಾರದು. ಸಾರ್ವಜನಿಕ ವ್ಯವಸ್ಥೆ ಮಾಡಲು ಹಿಂಜರಿಯುವ ಪ್ರಯೋಗವನ್ನು ಮಾಡಿ ತೋರಿಸುವುದು, ಬಳಿಕ ಪಕ್ಕಕ್ಕೆ ಸರಿಯುವುದು.

ಸಭೆಗೆ ಮೊದಲೇ ಆದ ತೀರ್ಮಾನ

ಆದರೆ ನಮ್ಮ ಕಲ್ಪನೆಯ ಮೂರು ಅರ್ಜಿಗಳಲ್ಲಿ ಒಂದಾದರೂ ಆ ಸಭೆಯವರೆಗೆ ತಲುಪಬಲ್ಲುದೇ? ನಿಜವಾದ ತೊಡಕು ಇಲ್ಲಿದೆ. ಮತದಾನದ ದಿನ ನಡೆಯುವುದು ಕೊನೆಯ ಆಯ್ಕೆ. ಅದಕ್ಕೆ ಬಹಳ ಮೊದಲೇ, ಯಾರೂ ಕೈ ಎತ್ತದೆ, ಹೆಚ್ಚಿನ ಆಯ್ಕೆ ಮುಗಿದಿರುತ್ತದೆ.

ಮೊದಲ ತೂಬು ಭಾಷೆಯದು. ಇಂಗ್ಲಿಷಿನಲ್ಲಿ ಪ್ರಸ್ತಾವನೆ ಬರೆದು, ದೂರದ ಎಂಜಿನಿಯರುಗಳ ಪ್ರಶ್ನೆಗಳಿಗೆ ಮಿಂಚಂಚೆಯಲ್ಲಿ ಉತ್ತರಿಸಬಲ್ಲವರು ಹಳ್ಳಿಯ ಶಿಕ್ಷಕರಲ್ಲಿ ಎಷ್ಟು ಜನ? ಚೆನ್ನಾಗಿ ಪಾಠ ಹೇಳುವುದು ಒಂದು ವಿದ್ಯೆ, ಚೆನ್ನಾಗಿ ಅರ್ಜಿ ಬರೆಯುವುದು ಇನ್ನೊಂದು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಇಲ್ಲಿ ಇಂಗ್ಲಿಷಿನಲ್ಲಿ ಅಳಬೇಕು.

ಎರಡನೆಯದು ಕಾನೂನಿನದು. ವಿದೇಶದಿಂದ ಹಣ ಪಡೆಯಲು ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಬೇಕು. 2020ರ ನವೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳಂತೆ, ನೋಂದಣಿ ಬಯಸುವ ಸಂಸ್ಥೆ ಮೂರು ವರ್ಷಗಳಿಂದ ಅಸ್ತಿತ್ವದಲ್ಲಿರಬೇಕು ಮತ್ತು ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮೂಲ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಹೋಬಳಿಯೊಂದರ ಯುವಕ ಸಂಘ ಅಥವಾ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ 15 ಲಕ್ಷ ಎಲ್ಲಿಂದ ಬರಬೇಕು? ಹಣವಿಲ್ಲದ್ದರಿಂದಲೇ ಅಲ್ಲವೇ ಅದು ನೆರವು ಬೇಡುತ್ತಿರುವುದು?

ಹಿಂದೆ ಇದಕ್ಕೊಂದು ಉಪನಾಲೆ ಇತ್ತು. ನೋಂದಣಿ ಪಡೆದ ದೊಡ್ಡ ಸಂಸ್ಥೆಯೊಂದು ತಾನು ಪಡೆದ ಹಣದಲ್ಲಿ ಪಾಲನ್ನು ಕಾನೂನಿನ ಮಿತಿಯೊಳಗೆ ಸಣ್ಣ ಸಂಸ್ಥೆಗಳಿಗೆ ವರ್ಗಾಯಿಸಬಹುದಿತ್ತು. 2020ರ ಸೆಪ್ಟೆಂಬರ್‌ನ ತಿದ್ದುಪಡಿ ಕಾಯ್ದೆ ಈ ವರ್ಗಾವಣೆಯನ್ನು ಪೂರ್ಣವಾಗಿ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ವಿದೇಶಿ ದೇಣಿಗೆಯನ್ನು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಸ್ವೀಕರಿಸಬೇಕೆಂದು ವಿಧಿಸಿತು. ಹಣದ ದುರುಪಯೋಗ ತಡೆಯುವುದು ಸರ್ಕಾರ ನೀಡಿದ ಕಾರಣ. ಆ ಕಾರಣವನ್ನು ಅಲ್ಲಗಳೆಯದೆಯೂ ಒಂದು ಮಾತು ಹೇಳಬಹುದು: ಮುಖ್ಯ ನಾಲೆಗೆ ಕಾವಲು ಹಾಕುವ ಭರದಲ್ಲಿ ಉಪನಾಲೆಗಳು ಮುಚ್ಚಿಹೋದವು.

ಮೂರನೆಯದು ಕಂಪನಿಗಳ ಹಣ. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕು. ತಾನು ಕಾರ್ಯ ನಿರ್ವಹಿಸುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಅದೇ ಕಲಮು ಹೇಳುತ್ತದೆ. ಕಾರ್ಖಾನೆ, ಕಚೇರಿಗಳು ಹೆಚ್ಚಿರುವ ಕಡೆ ಹಣವೂ ಹೆಚ್ಚು ಎಂಬುದು ಇದರ ಸಹಜ ಪರಿಣಾಮ. ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಕ್ಕೆ ಸರಿದ ಹಳ್ಳಿಗಳಿಗೆ ಆ ಆದ್ಯತೆ ಒದಗಿಬರುವುದು ಕಷ್ಟ. ಕಂಪನಿಯ ಪರವಾಗಿ ಕೆಲಸ ಮಾಡುವ ಸಂಸ್ಥೆಗಳು 2021ರ ಏಪ್ರಿಲ್‌ನಿಂದ ಪ್ರತ್ಯೇಕ ನೋಂದಣಿಯನ್ನೂ ಮಾಡಿಸಬೇಕು.

ಇನ್ನೊಂದು ಅಡ್ಡಿ ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಮಂಡ್ಯವೆಂದರೆ ಹಸಿರು ಗದ್ದೆ, ಸಕ್ಕರೆ, ನೀರಾವರಿ ಎಂಬ ಚಿತ್ರ ದಾನಿಗಳ ಮನಸ್ಸಿನಲ್ಲಿದೆ. ಬರದ ಜಿಲ್ಲೆ ಎಂದಾಗ ಏಳುವ ಕಾಳಜಿ ಇಲ್ಲಿಗೆ ಏಳುವುದಿಲ್ಲ. ಹಸಿರಿನ ನಡುವೆ ಕಬ್ಬು ಕಡಿಯುವವರ ಗುಡಿಸಲು ದೂರಕ್ಕೆ ಕಾಣುವುದಿಲ್ಲ.

ಊರಿನ ಮಾತಿಗೆ ಜಾಗವೆಲ್ಲಿ?

ಚಿಕ್ಕರಸಿನಕೆರೆಯ ಹೆಸರು ಕೇಳಿದೊಡನೆ ಈ ಭಾಗದವರಿಗೆ ನೆನಪಾಗುವುದು ಕಾಲಭೈರವೇಶ್ವರನ ದೇವಸ್ಥಾನ ಮತ್ತು ಅಲ್ಲಿನ ಬಸವಪ್ಪ. ವ್ಯಾಜ್ಯ, ಅನುಮಾನಗಳು ಬಂದಾಗ ಬಸವಪ್ಪನ ಮೊರೆ ಹೋಗುವ ಭಕ್ತರು ಅದು ತೋರಿದ್ದನ್ನೇ ತೀರ್ಪೆಂದು ನಂಬುತ್ತಾರೆ. ನಂಬಿಕೆಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ತೀರ್ಮಾನ ನಡೆಯುವುದು ಊರವರ ಕಣ್ಣೆದುರು. ಶಾಲೆಗೆ ಬರುವ ಹಣದ ತೀರ್ಮಾನವಾದರೋ ಊರಿಗೆ ತಿಳಿಯುವುದು ಫಲಕ ಅನಾವರಣವಾದ ದಿನ.

ಹಾಗೆಂದು ಊರಿನಲ್ಲಿ ವೇದಿಕೆ ಇಲ್ಲವೆಂದಲ್ಲ. ವಿಜ್ಞಾನಿ ರಾಜಾರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ ರಾಜ್ಯ ಸರ್ಕಾರ 2001ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಶಿಕ್ಷಣ ಹಕ್ಕು ಕಾಯ್ದೆಯೂ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಸಮಿತಿಗೇ ವಹಿಸುತ್ತದೆ. ಆ ಯೋಜನೆ ಪ್ರಾಮಾಣಿಕವಾಗಿ ಸಿದ್ಧವಾದರೆ ಅದೇ ಒಂದು ಪ್ರಸ್ತಾವನೆ; ಅದೂ ಕನ್ನಡದಲ್ಲಿ, ಪೋಷಕರ ಸಹಿಯೊಂದಿಗೆ. ದಾನ ಸಂಸ್ಥೆಗಳು ತಮ್ಮ ನಮೂನೆಯನ್ನು ತುಂಬಿಸುವ ಬದಲು ಈ ಯೋಜನೆಯನ್ನು ತರಿಸಿಕೊಂಡು ಓದಿದರೆ ಮೊದಲ ತೂಬು ಅರ್ಧ ತೆರೆದಂತೆ.

ಊರಿನ ಮುಂದಾಳುಗಳು ವಿದ್ಯಾಸಂಸ್ಥೆ ಕಟ್ಟಿದ ಉದಾಹರಣೆಯೂ ಹತ್ತಿರದಲ್ಲೇ ಇದೆ. 2021ರಲ್ಲಿ ನಿಧನರಾದ ಮಾಜಿ ಸಂಸದ, ಕಾವೇರಿ ಹೋರಾಟಗಾರ ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಬೆಳೆಸಿದ ಭಾರತೀ ವಿದ್ಯಾಸಂಸ್ಥೆಗಳಿಂದಾಗಿ ಆ ಊರಿಗೆ ಭಾರತೀನಗರ ಎಂಬ ಹೆಸರೂ ನಿಂತಿದೆ. ಸ್ಥಳೀಯರಿಗೆ ಊರಿನ ಅಗತ್ಯ ಗೊತ್ತು. ಆದರೆ ಸ್ಥಳೀಯ ತೀರ್ಮಾನಕ್ಕೂ ಕುರುಡು ಬಿಂದುಗಳಿವೆ ಎಂಬುದನ್ನು ಮರೆಯಬಾರದು. ಊರಿನ ಸಮಿತಿ ಊರಿನ ಮಕ್ಕಳ ಪರವಾಗಿ ಮಾತನಾಡುತ್ತದೆ. ಕಟಾವಿಗೆ ಬಂದವರ ಮಗು ಮತದಾರನ ಮಗುವಲ್ಲ, ಪೋಷಕರ ಸಮಿತಿಯಲ್ಲಿ ಅದರ ತಂದೆತಾಯಿಗೆ ಸ್ಥಾನವಿಲ್ಲ. ಜಾತಿ, ಪಕ್ಷ, ಬಣಗಳ ಎಳೆದಾಟವೂ ಇಲ್ಲದಿಲ್ಲ. ಆದ್ದರಿಂದ ಹೊರಗಿನವನ ಪ್ರಶ್ನೆಯೂ ಬೇಕು, ಊರಿನವನ ತಿಳಿವಳಿಕೆಯೂ ಬೇಕು.

ಪಾತ್ರಾಪಾತ್ರ ವಿವೇಚನೆ ನಮ್ಮಲ್ಲಿ ಹಳೆಯದು. ದಾನ ಪಡೆಯುವವನು ಯೋಗ್ಯನೇ ಎಂದು ಕೇಳುವುದನ್ನು ನಾವು ಬಲ್ಲೆವು. ಅರ್ಜಿಯೇ ಹಾಕದವರು ಯಾರು, ಏಕೆ ಹಾಕಲಿಲ್ಲ ಎಂದು ಕೇಳುವುದು ರೂಢಿಯಾಗಿಲ್ಲ. ಸ್ವಯಂಸೇವಾ ಸಂಸ್ಥೆಗಳು ವರ್ಷದ ಹಣದಲ್ಲಿ ಒಂದು ಸಣ್ಣ ಪಾಲನ್ನು ಬಂದ ಅರ್ಜಿಗಳಿಗಲ್ಲದೆ, ಅರ್ಜಿ ಬಾರದ ಪ್ರದೇಶಗಳನ್ನು ಹುಡುಕಿ ಹೋಗಲು ತೆಗೆದಿಡಬಹುದು. ಸ್ಥಳ ಭೇಟಿಯ ವರದಿಯನ್ನು ಕನ್ನಡದಲ್ಲೂ ಬರೆದು ಶಾಲೆಯ ಸೂಚನಾ ಫಲಕಕ್ಕೆ ಹಚ್ಚಬಹುದು. ವಿದೇಶಿ ಹಣಕ್ಕೆ ದಾರಿ ಮುಚ್ಚಿರುವ ಕಡೆ, ಬೆಂಗಳೂರಿನಲ್ಲಿ ದುಡಿಯುವವರ ದೇಶೀಯ ಹಣಕ್ಕೆ ಆ ನೋಂದಣಿಯ ಅಡ್ಡಿಯಿಲ್ಲ ಎಂಬುದೂ ನೆನಪಿರಲಿ.

ಮದ್ದೂರಿನಿಂದ ರಾಜಧಾನಿಗೆ ಸುಮಾರು 80 ಕಿಲೋಮೀಟರ್. ವಾರಾಂತ್ಯದಲ್ಲಿ ಊರಿಗೆ ಬಂದು ಹೋಗುವ ಮಂಡ್ಯ ಸೀಮೆಯ ನೌಕರರು ಬೆಂಗಳೂರಿನ ಕಂಪನಿ ಕಂಪನಿಗಳಲ್ಲಿದ್ದಾರೆ. ಸ್ಥಳ ಭೇಟಿಗೆ ಅವರಿಗಿಂತ ಹತ್ತಿರದವರು ಯಾರಿದ್ದಾರೆ? ಮುಂದಿನ ಬಾರಿ ಸಂಬಳದಿಂದ ಕೊಡುವ ಮೊದಲು ಅವರು ಊರಿನ ಮುಖ್ಯೋಪಾಧ್ಯಾಯರಿಗೆ ಒಂದು ಪ್ರಶ್ನೆ ಹಾಕಲಿ: ಈ ಹಂಗಾಮಿನಲ್ಲಿ ನಿಮ್ಮ ಶಾಲೆಯ ಸುತ್ತಮುತ್ತ ಇದ್ದೂ ಶಾಲೆಗೆ ಬಾರದ ಮಕ್ಕಳೆಷ್ಟು? ಆ ಸಂಖ್ಯೆ ಸಿಕ್ಕಿದ ದಿನ ಅರ್ಜಿಯ ಮೊದಲ ಸಾಲು ಬರೆದಂತಾಗುತ್ತದೆ.